ಮೂಗು ಸವೆದ ಗಡ್ಡಪ್ಪ

ಕೊನೆಯಲ್ಲಿ ಸಹಿ ಮಾಡಿರುವ ನಾನು, ವಯಸ್ಸು ಐವತ್ಮೂರು, ಉದ್ಯೋಗ ಹಲ್ಲಿನ ಸೆಟ್ಟು ಮತ್ತು ಕ್ಯಾಪ್ ತಯಾರಿಸುವುದು, ವಾಸ ಹಳೆಯ ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಮೂಲೆಯಿಂದ ಎರಡನೆಯ ಮನೆ. ಮಹಡಿಯ ಮೇಲೆ ಬಾಡಿಗೆದಾರರು, ಕೆಳಗೆ ನಾನು ಮತ್ತು ನನ್ನ ತಾಯಿ. ನನ್ನ ಒಡಹುಟ್ಟಿದ ಅಣ್ಣ ನನ್ನ ಮೇಲೆ ಕೊಟ್ಟಿರುವ ದೂರನ್ನು ನನಗೆ ಓದಿ ಹೇಳಲಾಗಿದೆ. ಅದಕ್ಕೆ ಉತ್ತರವಾಗಿ, ಯಾರ ಒತ್ತಾಯವೂ ಇಲ್ಲದೆ, ಸಿಟ್ಟಿನಲ್ಲಿದ್ದರೂ ಸ್ವಸ್ಥ ಬುದ್ಧಿಯಿಂದ ಬರೆಸುತ್ತಿರುವುದು ಏನೆಂದರೆ:

ಮನೆತನದ ಅಪರೂಪದ ಚಿನ್ನದ ನಾಣ್ಯವಿದ್ದ ಸೀಲ್ ಮಾಡಿದ ಡಬ್ಬಿಯನ್ನು ನಾನು ಕತ್ತರಿಸಿ ಹಾಳು ಮಾಡಿದೆನೆಂದೂ, ಆಮೇಲೆ ಅವನ ಮೇಲೆ ಒಂದು ದವಡೆ ಎಸೆದೆನೆಂದೂ ದೂರಿನಲ್ಲಿದೆ. ಕತ್ತರಿಸಿದ್ದು ನಿಜ. ಎಸೆದದ್ದೂ ನಿಜ. ಮನೆತನದ ನಾಣ್ಯ ಎಂಬುದು ಶುದ್ಧ ಸುಳ್ಳು, ಮತ್ತು ಅದು ಸುಳ್ಳೆಂದು ದೂರು ಬರೆಯುವಾಗಲೇ ಅವನಿಗೆ ಗೊತ್ತಿತ್ತು. ಬರೆದುಕೊಳ್ಳುತ್ತಿರುವ ಸಾಹೇಬರು ಮೊದಲು ‘ಅವರಿಗೆ’ ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿಸಿ ‘ಅವನಿಗೆ’ ಎಂದು ಬರೆಸಿದ್ದೇನೆ. ಈ ಹೇಳಿಕೆ ಮುಗಿಯುವವರೆಗೆ ಹಾಗೆಯೇ ಇರಲಿ.

ಮೊದಲು ನಾಣ್ಯದ ವಿಚಾರ. ನನ್ನ ತಾತ, ಅಂದರೆ ಅಮ್ಮನ ಅಪ್ಪ, ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು. ಯುರೋಪಿನ ಯಾವುದೋ ಬಂದರಿನಲ್ಲಿ ಇಪ್ಪತ್ತು ಫ್ರಾಂಕಿನ ಒಂದು ಹಳೆಯ ಚಿನ್ನದ ನಾಣ್ಯ ಕೊಂಡು ತಂದಿದ್ದರು. ಅದರ ನೆತ್ತಿಯ ಅಂಚಿಗೆ ಒಂದು ಕೊಂಡಿ ಬೆಸೆಸಿ, ಸರಕ್ಕೆ ಪೋಣಿಸಿ, ಮಗಳ ಮದುವೆಯಲ್ಲಿ ಅವಳ ಕೊರಳಿಗೆ ಹಾಕಿದರು. ನಾಣ್ಯದ ಮೇಲೆ ಉದ್ದ ಗಡ್ಡದ ಒಬ್ಬ ರಾಜನ ತಲೆ, ಇಸವಿ ೧೮೬೭. ಆ ರಾಜನ ನಿಜವಾದ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನಾವು ಅವನನ್ನು ಗಡ್ಡಪ್ಪ ಎನ್ನುತ್ತಿದ್ದೆವು.

ಅಮ್ಮನಿಗೆ ಒಂದು ಅಭ್ಯಾಸ. ಚಿಂತೆ ಹತ್ತಿದರೆ ಬಲಗೈ ತಾನಾಗಿಯೇ ಕೊರಳಿಗೆ ಹೋಗಿ, ಹೆಬ್ಬೆರಳು ಗಡ್ಡಪ್ಪನ ಮುಖದ ಮೇಲೆ ಓಡಾಡುತ್ತಿತ್ತು. ಅಣ್ಣನಿಗೆ ಚಿಕ್ಕಂದಿನಲ್ಲಿ ವಿಪರೀತ ಉಬ್ಬಸ. ಅವನು ಉಸಿರಿಗಾಗಿ ಒದ್ದಾಡುವಾಗ ಅಮ್ಮ ಒಂದು ಕೈಯನ್ನು ಅವನ ಬೆನ್ನ ಮೇಲೆ, ಇನ್ನೊಂದನ್ನು ಗಡ್ಡಪ್ಪನ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದಳು. ಹೀಗೆ ಎಂಟು ವರ್ಷ ನಡೆಯಿತು. ಅಣ್ಣ ಹುಷಾರಾದ, ಗಡ್ಡಪ್ಪನ ಮೂಗು ಹೋಯಿತು. ಇದು ನಮ್ಮ ಮನೆಯ ಹಳೆಯ ತಮಾಷೆ. ನೆಂಟರಿಷ್ಟರ ಮುಂದೆ ಇದನ್ನು ಹೇಳಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಅವನೇ.

ಅಣ್ಣ ವಿಮಾ ಕಂಪನಿಯಲ್ಲಿ ನಷ್ಟದ ಅಂದಾಜು ಹಾಕುವ ಕೆಲಸದವನು. ಬೆಂಕಿ ಬಿದ್ದ ಗೋದಾಮು, ಜಜ್ಜಿದ ಕಾರು, ಇಂಥವನ್ನು ನೋಡಿ ಎಷ್ಟು ಕೆಟ್ಟಿದೆ ಎಂದು ಹೇಳಬೇಕು. ಹತ್ತು ಹನ್ನೊಂದು ವರ್ಷಗಳಿಂದ ಯುರೋಪಿನ ಹಳೆಯ ಚಿನ್ನದ ನಾಣ್ಯ ಕೂಡಿಡುವ ಹುಚ್ಚು ಹಿಡಿದಿದೆ. ಹುಚ್ಚು ಹಿಡಿದ ಮೊದಲ ವರ್ಷವೇ ಅವನು ಅಮ್ಮನ ಬಳಿ ಬಂದು, ಕೊಂಡಿ ಇದ್ದರೆ ಇದು ಒಡವೆ, ಕೊಂಡಿ ತೆಗೆದರೆ ನಾಣ್ಯ ಎಂದು ತಲೆ ತಿಂದ. ಸರವೂ ಹಳತಾಗಿತ್ತು, ಅಮ್ಮ ಹೂಂ ಅಂದಳು. ಅವನು ಅಕ್ಕಸಾಲಿಗನಿಂದ ಕೊಂಡಿ ಕೀಳಿಸಿ, ಆ ಜಾಗವನ್ನು ತುಂಬಿಸಿ, ಅರದಿಂದ ಉಜ್ಜಿಸಿ ತಂದ. ಅಲ್ಲಿ ಅಕ್ಕಿಕಾಳಿನಷ್ಟು ಒಂದು ಒರಟು ಗಾಯ ಉಳಿಯಿತು. ಅಂದಿನಿಂದ ಅಮ್ಮ ಗಡ್ಡಪ್ಪನನ್ನು ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡು ಓಡಾಡುತ್ತಿದ್ದಳು. ಮೂಗಿನ ಜೊತೆಗೆ ಆ ಗಾಯವನ್ನು ಸವರುವುದೂ ಅಭ್ಯಾಸವಾಯಿತು.

ಮೂರು ವರ್ಷದ ಹಿಂದೆ ಅಮ್ಮನ ಕಣ್ಣಿನ ನರ ಒಣಗಿ ಎರಡೂ ಕಣ್ಣು ಪೂರ್ತಿ ಹೋದವು. ಕಳೆದ ವರ್ಷದ ಶುರುವಿನಲ್ಲಿ ಅಣ್ಣ ಬಂದು, ನಾಣ್ಯವನ್ನು ಗ್ರೇಡಿಂಗ್‌ಗೆ ಕಳಿಸುತ್ತೇನೆ, ಕೊಡಮ್ಮಾ ಎಂದು ಕೇಳಿದ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಸಾಹೇಬರು ದಯವಿಟ್ಟು ಗಮನಿಸಬೇಕು.

ಗ್ರೇಡಿಂಗ್ ಎಂದರೆ ಏನೆಂದು ಸಾಹೇಬರು ಕೇಳಿದ್ದರಿಂದ, ಅವನು ನಮಗೆ ಹೇಳಿದಂತೆಯೇ ಹೇಳುತ್ತೇನೆ. ನಾಣ್ಯವನ್ನು ವಿದೇಶದ ಒಂದು ಸಂಸ್ಥೆಗೆ ಕಳಿಸಬೇಕು. ಅವರು ಭೂತಗನ್ನಡಿಯಲ್ಲಿ ನೋಡಿ ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಆಮೇಲೆ ಅದನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮೇಲೆ ಚೀಟಿ ಹಾಕಿ, ಮತ್ತೆ ತೆರೆಯಲಾಗದಂತೆ ಸೀಲ್ ಮಾಡಿ ಕಳಿಸುತ್ತಾರೆ. ಇಂಥ ನಾಣ್ಯಗಳನ್ನು ಆ ಕಾಲದಲ್ಲಿ ಲಕ್ಷಗಟ್ಟಲೆ ಹೊಡೆದಿದ್ದಾರಂತೆ, ಅವು ಅಪರೂಪವೇನಲ್ಲ. ಅಪರೂಪವಾಗಿರುವುದು ಯಾರ ಕೈಗೂ ಸಿಗದೆ, ಯಾವ ಜೇಬಿನಲ್ಲೂ ಕುಲುಕದೆ, ಹೊಸದರಂತೆ ಉಳಿದಿರುವುದು. ಅಂಥದ್ದಕ್ಕೆ ಅರವತ್ತೈದರ ಮೇಲೆ ಅಂಕ ಬಂದರೆ ಕೂಡಿಡುವವರು ಹುಚ್ಚೆದ್ದು ಕುಣಿಯುತ್ತಾರಂತೆ. ಅಂದರೆ ಯಾರಿಗೂ ಯಾವತ್ತೂ ಉಪಯೋಗಕ್ಕೆ ಬಾರದ ನಾಣ್ಯಕ್ಕೆ ಹೆಚ್ಚು ಮರ್ಯಾದೆ. ನಾನು ಮೂವತ್ತು ವರ್ಷದಿಂದ ಜನ ಅಗಿಯಲಿ ಎಂದು ಹಲ್ಲು ಮಾಡುವವಳು. ನನಗೆ ಈ ಲೆಕ್ಕ ಆಗಲೂ ತಲೆಗೆ ಹೋಗಲಿಲ್ಲ, ಈಗಲೂ ಹೋಗಿಲ್ಲ.

ಅಮ್ಮ ಮಾತ್ರ ಖುಷಿಯಿಂದಲೇ ಕೊಟ್ಟಳು. ಈ ವಯಸ್ಸಲ್ಲಿ ಗಡ್ಡಪ್ಪ ಪರೀಕ್ಷೆಗೆ ಕೂರ್ತಾನಲ್ಲೋ ಎಂದು ನಕ್ಕಳು. ನಾಲ್ಕು ತಿಂಗಳಾದ ಮೇಲೆ ಅಣ್ಣ ಫೋನ್ ಮಾಡಿ, ಅರವತ್ತೈದು ಬಂತು ಎಂದ. ಫಸ್ಟ್ ಕ್ಲಾಸಾ ಎಂದು ಅಮ್ಮ ಕೇಳಿದಳು. ಅದಕ್ಕಿಂತ ಮೇಲೆ ಎಂದ. ಅಮ್ಮ ಮೇಲಿನ ಬಾಡಿಗೆದಾರರನ್ನೂ ಕರೆದು ಹೇಳಿದಳು. ಮೂಗಿಲ್ಲದವನಿಗೆ ಅರವತ್ತೈದು ಹೇಗೆ ಬಂತು ಎಂದು ನಾನು ಕೇಳಿದ್ದಕ್ಕೆ, ನಿನಗೆ ಅದೆಲ್ಲ ಅರ್ಥ ಆಗಲ್ಲ ಬಿಡು ಎಂದ.

ಆಮೇಲೆ ಅಮ್ಮ ಗಡ್ಡಪ್ಪನನ್ನು ಕೇಳಿದಾಗಲೆಲ್ಲ ಒಂದೊಂದು ಸಬೂಬು. ಬ್ಯಾಂಕಿನ ಲಾಕರಿನಲ್ಲಿದೆ, ಲಾಕರಿನ ಕೀಲಿ ಅತ್ತಿಗೆ ಹತ್ತಿರ ಇದೆ, ಅತ್ತಿಗೆ ತವರಿಗೆ ಹೋಗಿದ್ದಾಳೆ. ಅಮ್ಮನ ಹೆಬ್ಬೆರಳು ಖಾಲಿ ಸೆರಗನ್ನೇ ಉಜ್ಜಿ ಉಜ್ಜಿ ಎರಡು ಸೀರೆ ಹರಿಯಿತು.

ಹೋದ ವಾರ ಅಮ್ಮ ಬಚ್ಚಲಲ್ಲಿ ಜಾರಿದಳು. ಸೊಂಟದ ಕೀಲು ಮುರಿದಿದೆ. ಬರುವ ಶುಕ್ರವಾರ ಬೆಳಗ್ಗೆ ಶಸ್ತ್ರಚಿಕಿತ್ಸೆ. ಎಂಬತ್ತೊಂದು ವರ್ಷ, ಹೃದಯವೂ ಗಟ್ಟಿಯಿಲ್ಲ, ಏನೂ ಹೇಳಲಾಗದು ಎಂದು ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ. ಪಕ್ಕಕ್ಕೆ ಕರೆದು ಹೇಳಿದ್ದು ಅಮ್ಮನಿಗೂ ಕೇಳಿಸಿದೆ. ಅವಳು ಕೇಳಿದ್ದು ಒಂದೇ. ಒಳಗೆ ಕರೆದುಕೊಂಡು ಹೋಗುವವರೆಗೆ ಗಡ್ಡಪ್ಪ ಕೈಯಲ್ಲಿರಲಿ. ಅದನ್ನು ನಾನೇ ಅಣ್ಣನಿಗೆ ಫೋನಿನಲ್ಲಿ ಹೇಳಿದೆ.

ಮೊನ್ನೆ ಭಾನುವಾರ ಬೆಳಗ್ಗೆ ಹತ್ತೂವರೆಗೆ ಅಣ್ಣ, ಅತ್ತಿಗೆ ಇಬ್ಬರೂ ಬಂದರು. ಅಮ್ಮ ಮುಂದಿನ ಕೋಣೆಯ ಮಂಚದಲ್ಲಿ ದಿಂಬಿಗೆ ಒರಗಿದ್ದಳು. ಅಣ್ಣ ಜೇಬಿನಿಂದ ಡಬ್ಬಿ ತೆಗೆದು ಅವಳ ಕೈಗೆ ಕೊಟ್ಟ. ಕೊಡುವಾಗಲೇ, ಬೀಳಿಸಬೇಡ, ಒತ್ತಬೇಡ, ಗೀರು ಬಿದ್ದೀತು ಎಂದ. ಡಬ್ಬಿ ಅಂಗೈ ಅಗಲ ಇತ್ತು. ನಾಣ್ಯದ ಅಂಚನ್ನು ಸುತ್ತಲೂ ಒಂದು ಬಿಳಿ ಬಳೆ ಮುಚ್ಚಿತ್ತು. ಪ್ಲಾಸ್ಟಿಕ್ ಮೇಲೆ ಕಿಟಕಿಯ ಬೆಳಕು ಹೊಳೆಯುತ್ತಿತ್ತು, ನಾನು ನಿಂತಿದ್ದ ಜಾಗದಿಂದ ಮುಖ ಸರಿಯಾಗಿ ಕಾಣಲಿಲ್ಲ.

ಅಮ್ಮ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಸವರಿದಳು. ಉಗುರಿನಿಂದ ಎರಡು ಸಲ ಕುಟ್ಟಿದಳು. ಆಮೇಲೆ, ‘ಅಂಗಡಿ ಮುಚ್ಚಿದ ಮೇಲೆ ಬಂದ ಹಾಗಿದೆ ಕಣೋ. ಒಳಗಿದ್ದಾನೆ ಅಂತೀಯ, ಸಿಗ್ತಾನೇ ಇಲ್ಲ. ಒಂಚೂರು ತೆಗೆದು ಕೊಡು’ ಎಂದಳು. ಅಣ್ಣ ನಕ್ಕ. ತೆಗೆದರೆ ನಂಬರ್ ಹೋಗುತ್ತದೆ, ಈ ನಂಬರಿನದು ಇಡೀ ಜಗತ್ತಿನಲ್ಲಿ ಒಂಬತ್ತೇ ಒಂಬತ್ತು ಇದೆ, ತೆಗೆದರೆ ಎಂಟಾಗುತ್ತದೆ ಎಂದ. ಅಮ್ಮ, ಒಂದು ನಿಮಿಷ ಮುಟ್ಟಿ ಕೊಡ್ತೀನಪ್ಪ ಎಂದಳು. ಸ್ವಂತ ವಸ್ತುವನ್ನು ಮುಟ್ಟುವುದಕ್ಕೆ ಅವಳು ಬೇಡುತ್ತಿದ್ದ ದನಿ ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವನಿಗೆ ಫೋನ್ ಬಂತು, ಜಗಲಿಗೆ ಹೋದ.

ನಾನು ಅಮ್ಮನ ಕೈಯಿಂದ ಡಬ್ಬಿ ತೆಗೆದುಕೊಂಡು ಹಿಂದಿನ ನನ್ನ ಕೆಲಸದ ಕೋಣೆಗೆ ಹೋದೆ. ನನ್ನಲ್ಲಿ ಹಲ್ಲಿನ ಲೋಹ ಕತ್ತರಿಸುವ, ಉಗುರಿನಷ್ಟು ತೆಳ್ಳಗಿನ ಡಿಸ್ಕ್ ಇದೆ. ಡಬ್ಬಿಯ ಅಂಟಿನ ಗೆರೆಯ ಉದ್ದಕ್ಕೂ ಅದನ್ನು ಓಡಿಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ನಾಣ್ಯಕ್ಕೆ ಒಂದು ಕೂದಲೆಳೆಯ ಗೀರೂ ಆಗಿಲ್ಲ, ಬೇಕಾದವರು ಭೂತಗನ್ನಡಿ ತಂದು ನೋಡಲಿ. ನಾಣ್ಯ ಅಂಗೈಗೆ ಬಿದ್ದಾಗ ಅದು ವಿಪರೀತ ಹೊಳೆಯುತ್ತಿತ್ತು. ನನಗೆ ಅನುಮಾನ ಬಂದದ್ದು ಆಗಲೇ. ಆದರೂ ಬಾಯಿ ಬಿಡದೆ ತಂದು, ಡಬ್ಬಿಯ ಹೋಳುಗಳನ್ನು ಮೇಜಿನ ಮೇಲೆ ಹಾಕಿ, ನಾಣ್ಯವನ್ನು ಅಮ್ಮನ ಕೈಯಲ್ಲಿಟ್ಟೆ.

ಅಮ್ಮನ ಹೆಬ್ಬೆರಳು ಸೀದಾ ರಾಜನ ಮುಖದ ಮೇಲೆ ಹೋಯಿತು. ಅಲ್ಲೇ ನಿಂತಿತು. ಮತ್ತೆ ಒಂದು ಸಲ ಸವರಿದಳು. ‘ಇವನಿಗೆ ಮೂಗಿದೆಯಲ್ಲೇ’ ಎಂದಳು.

ಆಮೇಲೆ ಅಂಚನ್ನು ಸುತ್ತಲೂ ತಡವಿದಳು. ಗಾಯವಿರಲಿಲ್ಲ. ಇನ್ನೊಂದು ಸುತ್ತು ತಡವಿದಳು. ಅತ್ತಿಗೆ ಸೋಫಾದಲ್ಲಿ ಕೂತವಳು ಎದ್ದು ನಿಂತಳು.

ಅಣ್ಣ ಒಳಗೆ ಬಂದ. ಕತ್ತರಿಸಿದ ಡಬ್ಬಿ ಮೇಜಿನ ಮೇಲೆ, ನಾಣ್ಯ ಅಮ್ಮನ ಬರಿಗೈಯಲ್ಲಿ ಇರುವುದನ್ನು ನೋಡಿ ಅಯ್ಯೋ ಅಯ್ಯೋ ಎಂದು ಅರಚಿದ. ಜೇಬಿನಿಂದ ಕರವಸ್ತ್ರ ತೆಗೆದು, ಅಂಚು ಮಾತ್ರ ಹಿಡಿದು ನಾಣ್ಯವನ್ನು ಕಿತ್ತುಕೊಂಡ. ಅಮ್ಮನ ಬೆರಳಿನ ಜಿಡ್ಡು ಅಂಟಿತು ಎಂದ. ಇದನ್ನು ಹೇಳಿದಂತೆಯೇ ಬರೆಯಬೇಕು ಎಂದು ಸಾಹೇಬರಲ್ಲಿ ಕೇಳಿಕೊಂಡಿದ್ದೇನೆ: ‘ಅಮ್ಮನ ಬೆರಳಿನ ಜಿಡ್ಡು’ ಎಂದ.

ಅಮ್ಮ ದನಿ ಏರಿಸಲಿಲ್ಲ. ‘ಯಾರಪ್ಪಾ ಇವನು?’ ಎಂದು ಕೇಳಿದಳು. ಅಣ್ಣ ಮೊದಲು, ಇನ್ಯಾರು, ನಿನ್ನ ಗಡ್ಡಪ್ಪನೇ ಎಂದ. ಅಮ್ಮ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಆಗ ಅವನು, ‘ಅದೇ ರಾಜ, ಅದೇ ಇಸವಿ, ಅಮ್ಮಾ. ಅದಕ್ಕಿಂತ ಚೆನ್ನಾಗಿರೋದು. ನಿನಗೆ ನಷ್ಟ ಆಗಿಲ್ಲ, ಲಾಭನೇ ಆಗಿದೆ’ ಎಂದ.

ಅವನೇ ಬಾಯಿ ಬಿಟ್ಟ ಪ್ರಕಾರ ನಡೆದದ್ದು ಇಷ್ಟು. ವಿದೇಶದವರು ನಮ್ಮ ಗಡ್ಡಪ್ಪನಿಗೆ ಅಂಕ ಕೊಡಲಿಲ್ಲ. ಮುಖ ಸವೆದಿದೆ, ಅಂಚಿನಲ್ಲಿ ದುರಸ್ತಿಯಾಗಿದೆ, ಅಂಕಕ್ಕೆ ಯೋಗ್ಯವಲ್ಲ ಎಂದು ಚೀಟಿ ಬರೆದು ವಾಪಸ್ ಕಳಿಸಿದರು. ಅಂಚಿನ ದುರಸ್ತಿ ಮಾಡಿಸಿದವನು ಅಣ್ಣನೇ. ಮುಖ ಸವೆದದ್ದು ಯಾರಿಗಾಗಿ ಎಂಬುದನ್ನು ಮೇಲೆ ಬರೆಸಿದ್ದೇನೆ. ಅವನು ನಮ್ಮ ನಾಣ್ಯವನ್ನು ದೊಡ್ಡ ಬೀದಿಯ ನಾಣ್ಯದ ವ್ಯಾಪಾರಿಗೆ ಕೊಟ್ಟು, ಮೇಲೆ ತನ್ನ ಕೈಯಿಂದಲೂ ಹಾಕಿ, ಅಂಕ ಬಂದ ಇನ್ನೊಂದನ್ನು ತಂದ. ಬಿಡಿಗಾಸೂ ನಾನು ತಿಂದಿಲ್ಲ ಎಂದು ಎದೆ ಬಡಿದುಕೊಂಡ. ಅದು ನಿಜ ಇರಬಹುದು. ನನ್ನ ಸಿಟ್ಟಿಗೆ ಅದೇ ಕಾರಣ. ದುಡ್ಡಿನ ಆಸೆಗೆ ಮಾಡಿದ್ದರೆ ಕಳ್ಳ ಎಂದು ಬೈದು ಸುಮ್ಮನಾಗಬಹುದಿತ್ತು. ಇವನು ಉಪಕಾರ ಮಾಡಿದ್ದೇನೆ ಎಂದು ತಿಳಿದಿದ್ದಾನೆ. ‘ಅಮ್ಮಾ, ಅದಕ್ಕೆ ಅವರು ನಂಬರೇ ಕೊಡಲಿಲ್ಲ’ ಎಂದು ಹೇಳುವಾಗ, ಅಂಕಪಟ್ಟಿ ಬಚ್ಚಿಟ್ಟ ಹುಡುಗನ ಹಾಗೆ ಅವನ ದನಿ ನಡುಗುತ್ತಿತ್ತು.

ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಅತ್ತಿಗೆ ತಡೆಯಲಾರದೆ, ‘ಅತ್ತೆಗೆ ಕಣ್ಣೇ ಕಾಣಲ್ಲ, ಗೊತ್ತಾಗಲ್ಲ ಅಂದಿದ್ರು ಇವರು. ನಾನು ಬೇಡ ಅಂತಾನೇ ಅಂದೆ’ ಎಂದಳು. ಅತ್ತಿಗೆಯ ಹೇಳಿಕೆಯನ್ನೂ ತೆಗೆದುಕೊಳ್ಳಬೇಕು. ಅವಳು ಸುಳ್ಳು ಹೇಳುವವಳಲ್ಲ.

ಆ ಮಾತಿಗೆ ನನ್ನ ಸಿಟ್ಟು ನೆತ್ತಿಗೇರಿತು. ಡಬ್ಬಿ ಕತ್ತರಿಸಿ ಬರುವಾಗ ಕೆಲಸದ ಕೋಣೆಯಿಂದ ಒಂದು ಪ್ಲಾಸ್ಟರ್ ದವಡೆಯನ್ನೂ ಹಿಡಿದುಕೊಂಡೇ ಬಂದಿದ್ದೆ, ಯಾಕೆ ಹಿಡಿದಿದ್ದೆನೋ ಗೊತ್ತಿಲ್ಲ. ಅದನ್ನು ಎಸೆದೆ. ಅದು ಬಾಗಿಲ ಚೌಕಟ್ಟಿಗೆ ಬಡಿದು ಒಡೆಯಿತು, ಚೂರುಗಳನ್ನು ಸಾಹೇಬರು ನೋಡಿದ್ದಾರೆ. ಅದು ಒಬ್ಬ ನಿವೃತ್ತ ಮೇಷ್ಟ್ರ ಮೇಲ್ದವಡೆಯ ಅಚ್ಚು, ಅವರಿಗೆ ಇನ್ನೊಮ್ಮೆ ಅಚ್ಚು ತೆಗೆಯಬೇಕಾಗಿದೆ, ಅವರಲ್ಲಿ ಕ್ಷಮೆ ಕೇಳುತ್ತೇನೆ. ಅಣ್ಣನಲ್ಲಿ ಕೇಳುವುದಿಲ್ಲ. ಅವನಿಗೆ ತಾಗಿದ್ದರೆ ಅಷ್ಟು ಉದ್ದದ ದೂರು ಬರೆಯುವ ಸ್ಥಿತಿಯಲ್ಲಿ ಅವನು ಇರುತ್ತಿರಲಿಲ್ಲ.

ಅಮ್ಮ ನಮ್ಮಿಬ್ಬರನ್ನೂ ಸುಮ್ಮನಿರಿಸಿದಳು. ಅಣ್ಣನ ಕಡೆ ಮುಖ ತಿರುಗಿಸಿ, ‘ಆ ಮೂಗು ನಿನ್ನ ಉಬ್ಬಸಕ್ಕೆ ಸವೆದಿದ್ದು ಕಣೋ’ ಎಂದಳು. ಇಷ್ಟೇ. ಅಣ್ಣ ಕತ್ತರಿಸಿದ ಡಬ್ಬಿಯ ಎರಡು ಹೋಳನ್ನೂ ನಾಣ್ಯವನ್ನೂ ಎತ್ತಿಕೊಂಡು ಹೊರಟುಹೋದ. ಸಂಜೆ ಠಾಣೆಗೆ ಹೋಗಿ ದೂರು ಕೊಟ್ಟ.

ಮರುದಿನ ಸೋಮವಾರ, ವ್ಯಾಪಾರಿ ಬಾಗಿಲು ತೆರೆಯುವ ಹೊತ್ತಿಗೇ ನಾನು ಅವರ ಅಂಗಡಿಯ ಮುಂದಿದ್ದೆ. ನಮ್ಮ ನಾಣ್ಯ ಕೊಡಿ ಎಂದೆ. ವ್ಯಾಪಾರಿ ಮೊದಲು ಮರ್ಯಾದೆಯಿಂದಲೇ ಮಾತಾಡಿದರು. ಅಂಕವಿಲ್ಲದ, ಸವೆದ, ಬೆಸುಗೆ ಹಾಕಿದ ನಾಣ್ಯಗಳನ್ನು ಕೂಡಿಡುವವರು ಕೇಳುವುದಿಲ್ಲವಂತೆ. ಅಂಥವನ್ನು ಒಂದು ತಗಡಿನ ಡಬ್ಬದಲ್ಲಿ ಹಾಕಿಟ್ಟು, ಡಬ್ಬ ತುಂಬಿದಾಗ ಕರಗಿಸುವವನಿಗೆ ಕೊಡುತ್ತಾರಂತೆ. ಡಬ್ಬ ತುಂಬಿದೆ, ಕರಗಿಸುವವನು ಗುರುವಾರ ಬರುತ್ತಾನೆ ಎಂದರು. ನಾನು ಕೇಳಿಕೊಂಡ ಮೇಲೆ ಡಬ್ಬವನ್ನು ಗಾಜಿನ ಮೇಜಿನ ಮೇಲೆ ಸುರಿದರು. ಒಡೆದ ಉಂಗುರ, ಒಂಟಿ ಓಲೆ, ಬಗ್ಗಿದ ನಾಣ್ಯಗಳ ನಡುವೆ ಗಡ್ಡಪ್ಪ ಮುಖ ಮೇಲೆ ಮಾಡಿ ಬಿದ್ದಿದ್ದ. ಮೂಗಿನ ಜಾಗ ನುಣ್ಣಗೆ, ನೆತ್ತಿಯಲ್ಲಿ ಗಾಯ. ನನಗೆ ಅಲ್ಲೇ ಅಳು ಬಂತು. ಈಗ ಹೇಳುವಾಗಲೂ ಬರುತ್ತಿದೆ, ಆದರೂ ಬರೆಸುತ್ತೇನೆ.

ತೂಕದ ಬೆಲೆ ಎಷ್ಟಾಗುತ್ತದೆ ಹೇಳಿ, ಈಗಲೇ ಕೊಡುತ್ತೇನೆ ಎಂದೆ. ವ್ಯಾಪಾರಿ ಕೊಡಲು ಹೊರಟಿದ್ದರು ಕೂಡ. ಅಷ್ಟರಲ್ಲಿ ಅಣ್ಣನ ಫೋನ್ ಬಂತು. ನಾನು ಅಲ್ಲಿಗೇ ಹೋಗುತ್ತೇನೆಂದು ಅವನಿಗೆ ಗೊತ್ತಿತ್ತು. ಪೊಲೀಸ್ ದೂರು ಆಗಿದೆ, ನನ್ನ ಹೆಸರಿನಲ್ಲಿ ನಡೆದ ವ್ಯವಹಾರ, ನನ್ನನ್ನು ಕೇಳದೆ ಏನನ್ನೂ ಕೊಡಬೇಡಿ ಎಂದು ಅವನು ಹೇಳಿದ್ದು ನನಗೂ ಕೇಳಿಸಿತು. ಪೊಲೀಸ್ ಎಂದ ಕೂಡಲೇ ವ್ಯಾಪಾರಿಯ ಮುಖ ಬದಲಾಯಿತು. ಎಲ್ಲವನ್ನೂ ಬಾಚಿ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದರು. ನನ್ನ ಕೈ ಒಳಗಿತ್ತು, ಬಲಗೈ ತೋರುಬೆರಳಿನ ಗಾಯ ಅದೇ. ‘ಅಮ್ಮಾ, ನನಗೆ ಈ ತಲೆನೋವೆಲ್ಲ ಬೇಡ. ಗುರುವಾರ ಇದು ಕರಗಿ ಹೋದ್ರೆ, ಅಂಥದ್ದು ನನ್ನ ಅಂಗಡೀಲಿ ಇಲ್ಲ, ಕೇಸೂ ಇಲ್ಲ’ ಎಂದು ನನ್ನನ್ನು ಹೊರಗೆ ಕಳಿಸಿದರು.

ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ. ಒಂದು ಮಾತು ಹೇಳು, ಅವರು ಕೊಡುತ್ತಾರೆ, ಅಮ್ಮ ಶುಕ್ರವಾರ ಒಳಗೆ ಹೋಗಬೇಕು ಎಂದು ಬೇಡಿಕೊಂಡೆ. ಅವನು, ನೀನು ಮೊದಲು ತಪ್ಪಾಯಿತು ಎಂದು ಬರೆದು ಕೊಡು, ನನ್ನ ಅರವತ್ತೈದನ್ನು ನೀನು ಕೊಂದೆ, ಜಗತ್ತಿನಲ್ಲಿ ಈಗ ಎಂಟೇ ಉಳಿದಿವೆ ಎಂದ. ಜಗತ್ತಿನಲ್ಲಿ ನಮ್ಮ ಗಡ್ಡಪ್ಪ ಎಷ್ಟಿದ್ದಾನೆ ಎಂದು ಕೇಳಿದೆ. ಫೋನ್ ಇಟ್ಟ.

ಆದ್ದರಿಂದ ನಾನು ಹೇಳುವುದು ಇಷ್ಟು. ದೂರಿನಲ್ಲಿ ಅವನು ಮನೆತನದ ನಾಣ್ಯ ಎಂದು ಬರೆದಿದ್ದಾನೆ. ಮನೆತನದ್ದು ಎಂದರೆ ಅದು ಅಮ್ಮನದು, ಅವಳಿಗೋಸ್ಕರ ನಾನು ತೆರೆದದ್ದು ಅಪರಾಧವಲ್ಲ. ಅವನದೇ ಸ್ವಂತದ್ದು ಎಂದರೆ, ಅಮ್ಮನದನ್ನು ಏನು ಮಾಡಿದ ಎಂದು ಅವನನ್ನೇ ಕೇಳಬೇಕು. ಡಬ್ಬಿಯ ಬೆಲೆ ಏನಿದೆಯೋ ನಾನು ಕೊಡುತ್ತೇನೆ. ಅವನನ್ನು ಒಳಗೆ ಹಾಕಿ ಎಂದು ನಾನು ಕೇಳುತ್ತಿಲ್ಲ, ಹಾಕಬಾರದೆಂದು ಅಮ್ಮ ಆಣೆ ಮಾಡಿಸಿಕೊಂಡಿದ್ದಾಳೆ. ಗುರುವಾರದ ಒಳಗೆ ಯಾರಾದರೂ ಖಾಕಿ ತೊಟ್ಟು ಆ ಅಂಗಡಿಗೆ ಹೋಗಿ ಆ ತಗಡಿನ ಡಬ್ಬದ ಮುಚ್ಚಳ ತೆಗೆಯಬೇಕು. ಅಷ್ಟೇ ನನ್ನ ಬೇಡಿಕೆ.

ಹೇಳಿಕೆಗೆ ಒಬ್ಬ ಸಾಕ್ಷಿ ಬೇಕೆಂದು ಸಾಹೇಬರು ಹೇಳಿದ್ದರಿಂದ ಅಮ್ಮನನ್ನು ಕೇಳಲಾಯಿತು. ಪೂರ್ತಿ ಓದಿ ಹೇಳಿದ ಮೇಲೆ ಅವಳು, ಎಲ್ಲ ಸರಿಯಾಗಿದೆ, ಒಂದು ಸೇರಿಸಿ, ಅವನ ಮೂಗು ತೇದವಳು ನಾನೇ, ಅಂಕ ಕಡಿಮೆಯಾಗಿದ್ದರೆ ತಪ್ಪು ನನ್ನದು ಎಂದಳು. ಸೇರಿಸಲಾಗಿದೆ.

ಮೇಲೆ ಬರೆಸಿದ್ದೆಲ್ಲ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಓದಿಸಿ ಕೇಳಿದ್ದೇನೆ. ಎಲ್ಲೂ ಒಂದಕ್ಷರ ಕೂಡಿಸಿಲ್ಲ, ಸಿಟ್ಟನ್ನು ಮಾತ್ರ ಎಷ್ಟೋ ಕಡೆ ಕಡಿಮೆ ಮಾಡಿ ಬರೆಸಿದ್ದೇನೆ.

ಸ್ಥಳ: ನಮ್ಮ ಮನೆ, ಮುಂದಿನ ಕೋಣೆ
ದಿನ: ಮಂಗಳವಾರ, ಸಂಜೆ
(ಹೇಳಿಕೆ ಕೊಟ್ಟವಳ ಸಹಿ)

ಸಾಕ್ಷಿ: ಹೇಳಿಕೆ ಕೊಟ್ಟವರ ತಾಯಿ. ಕಣ್ಣು ಕಾಣದ ಕಾರಣ ಬಲಗೈ ಹೆಬ್ಬೆರಳಿನ ಗುರುತು ಪಡೆಯಲಾಗಿದೆ.

ಬರೆದುಕೊಂಡ ಅಧಿಕಾರಿಯ ಷರಾ: ಸಾಕ್ಷಿಯ ಹೆಬ್ಬೆರಳಿನ ಗುರುತನ್ನು ಮೂರು ಸಲ ತೆಗೆದುಕೊಳ್ಳಲಾಯಿತು. ಮೂರು ಸಲವೂ ಅಂಚಿನಲ್ಲಿ ಮಾತ್ರ ಗೆರೆ ಮೂಡಿದೆ. ನಡುವೆ, ಒಂದು ಮೂಗು ಕೂರುವಷ್ಟು ಜಾಗದಲ್ಲಿ, ಗೆರೆಗಳು ಸವೆದು ನುಣ್ಣಗಾಗಿವೆ. ದೂರುದಾರರು ಕೊಟ್ಟ ಅಂಕದ ಚೀಟಿಯ ಜೊತೆಗೆ ಇದನ್ನೂ ಕಡತಕ್ಕೆ ಸೇರಿಸಿದೆ. ನಾಳೆ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ನಾನೇ ಹೋಗುತ್ತೇನೆ.